11ನೇ ನಂಬರಿನ ಸಾವು, 9ನೇ ನಂಬರಿನ ಸಾವು

ಮೊನ್ನೆ ಶುಕ್ರವಾರ ರಾತ್ರಿ ಹತ್ತೂವರೆಗೆ ಪಿಡಿಎಫ್ ಎಕ್ಸ್‌ಪೋರ್ಟ್‌ಗೆ ಕೊಟ್ಟು, ಹಾಲಿಗೆ ಹೆಪ್ಪು ಹಾಕಿ ಬರೋಣ ಅಂತ ಅಡುಗೆಮನೆಗೆ ಹೋದೆ. ವಾಪಸ್ ಬಂದು ನೋಡಿದರೆ ಪರದೆ ನಡುವೆ ಒಂದು ಸಣ್ಣ ಡಬ್ಬಿ. ಸಿಗ್ನಲ್ 11ರಿಂದಾಗಿ ಸ್ಕ್ರೈಬಸ್ (ನಾನು ಪುಟ ಜೋಡಿಸುವ ಸಾಫ್ಟ್‌ವೇರ್) ಕ್ರ್ಯಾಶ್ ಆಗಿದೆ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಒಂದೇ ಗುಂಡಿ, ಓಕೆ. ಬೇರೆ ಏನು ಮಾಡೋದು, ಓಕೆ ಅಂದೆ. ಎಲ್ಲ ಮಾಯ. ಫೋಲ್ಡರ್ ತೆಗೆದರೆ ಪಿಡಿಎಫ್ ಏನೋ ಇದೆ, ಹೆಸರೂ ಸರಿಯಾಗಿದೆ, ಸೈಜು ಮಾತ್ರ ಸೊನ್ನೆ.

ಕೆಲಸ ಏನಪ್ಪ ಅಂದರೆ, ನಮ್ಮೂರ ಹೈಸ್ಕೂಲಿಗೆ 75 ವರ್ಷ ತುಂಬಿತು ಅಂತ ಒಂದು ಸ್ಮರಣ ಸಂಚಿಕೆ. ಡೆಮಿ 1/8 ಸೈಜು, 96 ಪುಟ. ನಾನು ಅಲ್ಲೇ ಓದಿದವಳು, ಮೇಲಾಗಿ ಶಿವಮೊಗ್ಗದ ಒಂದು ಡಿಟಿಪಿ ಸೆಂಟರಿನಲ್ಲಿ ಹದಿನಾಲ್ಕು ವರ್ಷ ಕೀಬೋರ್ಡ್ ಕುಟ್ಟಿದವಳು, ಹಾಗಾಗಿ "ನೀವಿದ್ದೀರಲ್ಲ" ಅಂತ ಹೆಡ್ಮೇಷ್ಟ್ರು ಒಂದೇ ಮಾತಿನಲ್ಲಿ ಇಡೀ ಕೆಲಸ ನನ್ನ ತಲೆಗೆ ಕಟ್ಟಿಬಿಟ್ಟರು. ಶನಿವಾರ ಬೆಳಿಗ್ಗೆ ಪ್ರೆಸ್ಸಿಗೆ ಫೈಲ್ ಹೋಗಬೇಕಿತ್ತು. ಸೋಮವಾರ ಅಚ್ಚಿನ ಪ್ಲೇಟ್ ಮಾಡುವುದು.

ಸ್ಕ್ರೈಬಸ್ ಯಾಕೆ ಅಂತ ನನ್ನ ಹಳೇ ಸಹೋದ್ಯೋಗಿಗಳು ಈಗಲೂ ಕೇಳುತ್ತಾರೆ. ನಾವೆಲ್ಲ ಪೇಜ್‌ಮೇಕರ್ ಅನ್ನೋ ಹಳೇ ಸಾಫ್ಟ್‌ವೇರಿನ ಮಂದಿ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯ ದೊಡ್ಡ ಆವೃತ್ತಿ, ಆದರೂ ನಮ್ಮ ಕಡೆ ಎಷ್ಟೋ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ ಇವತ್ತಿಗೂ ಅದರಲ್ಲೇ ಆಗುತ್ತದೆ. ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ನಂಬರ್ ಕೊಡುವ ಪದ್ಧತಿ, ಗೊತ್ತಿಲ್ಲ. ಹಳೇ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿರುತ್ತಾರೆ, ಫಾಂಟ್ ತಪ್ಪಿದರೆ "ಕನ್ನಡ" ಅನ್ನೋ ಪದದ ನಡುವೆ ಪೌಂಡ್ ಚಿಹ್ನೆ ಎದ್ದು ಕೂರುತ್ತದೆ. ಈಗ ಲೇಖನಗಳೆಲ್ಲ ವಾಟ್ಸ್ಯಾಪಿನಲ್ಲಿ ಯೂನಿಕೋಡ್‌ನಲ್ಲೇ ಬರುತ್ತವೆ. ಅದನ್ನು ಹಿಂದಕ್ಕೆ ತಿರುಗಿಸಿ, ಅರ್ಕಾವೊತ್ತು ಎಲ್ಲೆಲ್ಲಿ ಕಳಚಿತು ಅಂತ ಹುಡುಕುವ ತಾಳ್ಮೆ ನನಗಿಲ್ಲ. ಸ್ಕ್ರೈಬಸ್ ಪುಕ್ಕಟೆ ಸಿಗುತ್ತದೆ, ಯೂನಿಕೋಡ್ ಒಪ್ಪುತ್ತದೆ, ನನ್ನ ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲೂ ನಡೆಯುತ್ತದೆ. ಅದರಲ್ಲೂ ಮೊದಲು ಒತ್ತಕ್ಷರ ಸರಿ ಬರುತ್ತಿರಲಿಲ್ಲ ಬಿಡಿ. 2017ರ 1.5.3 ಆವೃತ್ತಿಯಲ್ಲಿ ಅದು ಸರಿಹೋಯಿತು. ಅದರ ಹಿಂದೆ ಓಮನ್ ದೇಶದ ಒಂದು ತಂಡದ ದುಡಿಮೆ ಇದೆ. ಅವರಿಗೆ ಬೇಕಿದ್ದದ್ದು ಅರಬ್ಬೀ, ಆದರೆ ಅದೇ ದಾರಿಯಲ್ಲಿ ನಮ್ಮ "ಸ್ತ್ರೀ"ಯೂ ನೆಟ್ಟಗೆ ನಿಂತಳು. ಆ ಪುಣ್ಯಾತ್ಮರು ಎಲ್ಲಿದ್ದರೂ ಚೆನ್ನಾಗಿರಲಿ.

ಸರಿ, ಕ್ರ್ಯಾಶಿನ ಕಥೆಗೆ ಬರೋಣ.

ಮೊದಲ ಒಂದು ಗಂಟೆ ನಾನು ಮಾಡಿದ್ದೆಲ್ಲ ದಂಡ, ಹೇಳಲಿಕ್ಕೇ ನಾಚಿಕೆಯಾಗುತ್ತದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಪಿಡಿಎಫ್ ಆವೃತ್ತಿ 1.3 ಇದ್ದದ್ದನ್ನು 1.4 ಮಾಡಿದೆ, 1.5 ಮಾಡಿದೆ. 1.3ಕ್ಕೆ ಪಾರದರ್ಶಕತೆ ಗೊತ್ತಿಲ್ಲ, ಆದ್ದರಿಂದ ನೆರಳು ಗಿರಳು ಹಾಕಿದ್ದರೆ ಅಲ್ಲಿ ಎಡವಟ್ಟಾಗಬಹುದು, ಅದು ನಿಜ. ಆದರೆ ನನ್ನ ಸಂಚಿಕೆಯಲ್ಲಿ ಒಂದೂ ನೆರಳಿರಲಿಲ್ಲ. ಪೆನ್‌ಡ್ರೈವಿಗೆ ಸೇವ್ ಮಾಡಿ ನೋಡಿದೆ. ಸೆಟ್ಟಿಂಗ್ಸ್ ಫೋಲ್ಡರಿನ ಹೆಸರು ಬದಲಿಸಿ ಸ್ಕ್ರೈಬಸ್ ಹೊಸದಾಗಿ ಎದ್ದೇಳುವ ಹಾಗೆ ಮಾಡಿದೆ. ಅದರಿಂದ ಆದ ಲಾಭ ಒಂದೇ, ನಾನು ವರ್ಷಗಟ್ಟಲೆ ಕೂಡಿಸಿಟ್ಟಿದ್ದ ಶಾರ್ಟ್‌ಕಟ್‌ಗಳೆಲ್ಲ ಕಾಣೆಯಾದವು. ಹಳೇ ಹೆಸರು ವಾಪಸ್ ಇಟ್ಟೆ.

ಈ ಗಲಾಟೆ ನಡುವೆ ಒಂದೇ ಒಂದು ಬುದ್ಧಿವಂತ ಕೆಲಸ ಮಾಡಿದ್ದೆ, ಫೈಲನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿಟ್ಟಿದ್ದೆ. ನೀವು ಯಾವ ಸಾಫ್ಟ್‌ವೇರ್ ಬಳಸಿದರೂ ಇದನ್ನು ಮೊದಲು ಮಾಡಿ. ಕ್ರ್ಯಾಶ್ ಆಗುವ ಫೈಲಿನ ಮೇಲೆ ಪ್ರಯೋಗ ಮಾಡುತ್ತಾ ಹೋದರೆ, ಅರ್ಧ ರಾತ್ರಿಯಲ್ಲಿ ಯಾವುದನ್ನು ಅಳಿಸಿದೆ ಯಾವುದನ್ನು ಉಳಿಸಿದೆ ಅಂತ ನಿಮಗೇ ನೆನಪಿರುವುದಿಲ್ಲ.

ಹನ್ನೊಂದೂವರೆಗೆ ಪ್ರೆಸ್ಸಿನವನಿಗೆ ಫೋನ್ ಮಾಡಿದೆ. ಹಳೇ ಪರಿಚಯ, ಆ ಹೊತ್ತಿಗೆ ಫೋನ್ ಎತ್ತುವುದು ಅವನೊಬ್ಬನೇ. ಬೆಳಿಗ್ಗೆ ಫೈಲ್ ಬರಲ್ಲ ಕಣೋ, ಪಿಡಿಎಫ್ಫೇ ಆಗ್ತಿಲ್ಲ ಅಂದೆ.

"ಇಡೀ ಪುಸ್ತಕ ಒಂದೇ ಫೈಲ್ ಯಾಕಕ್ಕಾ ಬೇಕು?" ಅಂದ. "ನಾನೇನು ಒಂದೇ ಸಲಕ್ಕೆ ಪ್ರಿಂಟ್ ಹಾಕ್ತೀನಾ? ಫಾರಂ ಫಾರಂ ಕೊಡಿ ಸಾಕು."

ಒಂದು ಕ್ಷಣ ಸುಮ್ಮನಾಗಿಬಿಟ್ಟೆ. ಬಟರ್ ಪೇಪರಿನ ಕಾಲದಲ್ಲಿ ನಾವು ಕೊಡುತ್ತಿದ್ದದ್ದೇ ಹಾಗಲ್ವಾ? ಒಂದೊಂದೇ ಪುಟ ಲೇಸರ್ ಪ್ರಿಂಟರಿನಿಂದ ತೆಗೆದು, ಸುರುಳಿ ಸುತ್ತಿ, ಹುಡುಗನ ಕೈಯಲ್ಲಿ ಕಳಿಸುತ್ತಿದ್ದೆವು. ಪುಸ್ತಕ ಅಂದರೆ ಒಂದೇ ಫೈಲ್ ಅನ್ನೋದು ನನ್ನ ತಲೆಯಲ್ಲಿ ಯಾವಾಗ ಕೂತಿತೋ ಗೊತ್ತಿಲ್ಲ. ಫಾರಂ ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು, ಡೆಮಿ 1/8ರಲ್ಲಿ ಫಾರಂಗೆ 16 ಪುಟ. 96 ಪುಟ ಅಂದರೆ ಆರು ಫಾರಂ. ಎಕ್ಸ್‌ಪೋರ್ಟ್ ಡಬ್ಬಿಯಲ್ಲಿ "ಎಲ್ಲ ಪುಟ" ಅನ್ನೋದರ ಕೆಳಗೇ "ಇಷ್ಟರಿಂದ ಇಷ್ಟು" ಅಂತ ಕೊಡುವ ಜಾಗ ಇದೆ.

ಅದನ್ನು ನಾನು ಆ ರಾತ್ರಿ ಮುಟ್ಟಿರಲಿಲ್ಲ ಅಂತಲ್ಲ. 1ರಿಂದ 48 ಕೊಟ್ಟು ನೋಡಿದ್ದೆ, ಕ್ರ್ಯಾಶ್. 49ರಿಂದ 96, ಅದೂ ಕ್ರ್ಯಾಶ್. ಎರಡೂ ಅರ್ಧ ಸತ್ತಿದ್ದು ನೋಡಿ, ಪುಟದ ತಪ್ಪಲ್ಲ, ಸಾಫ್ಟ್‌ವೇರೇ ಕೆಟ್ಟಿದೆ ಅಂತ ತೀರ್ಮಾನ ಮಾಡಿಕೊಂಡೇ ಸೆಟ್ಟಿಂಗ್ಸ್ ಕೆದಕಲು ಹೋಗಿದ್ದು. ಅರ್ಧ ಮಾಡಿ ಹುಡುಕುವ ಈ ಉಪಾಯ ಒಳ್ಳೆಯದೇ, ಕಳ್ಳ ಒಬ್ಬನೇ ಇದ್ದರೆ 96 ಪುಟಕ್ಕೆ ಏಳು ಸಲ ಅರ್ಧ ಮಾಡಿದರೆ ಸಿಕ್ಕಿಬೀಳುತ್ತಾನೆ. ಇಬ್ಬರಿದ್ದು ಆ ಕಡೆ ಒಬ್ಬ ಈ ಕಡೆ ಒಬ್ಬ ಕೂತಿದ್ದರೆ ಮೊದಲ ಏಟಿಗೇ ನಮಗೆ ಗೊಂದಲ. ಇನ್ನೊಂದು ತರಹವೂ ಆಗಬಹುದು, ಎರಡು ಅರ್ಧವೂ ಸರಿಯಾಗಿ ಬಂದು ಪೂರ್ತಿ ಮಾತ್ರ ಸಾಯಬಹುದು. ಹಾಗಾದರೆ ಅದು ಯಾವುದೋ ಒಂದು ಪುಟದ ತಪ್ಪಾಗಿರುವುದಕ್ಕಿಂತ ಒಟ್ಟು ಹೊರೆ ಜಾಸ್ತಿ ಆಗಿರುವ ಸಂಭವವೇ ಹೆಚ್ಚು.

ಫಾರಂ ಪ್ರಕಾರ ಕೊಟ್ಟೆ. ಒಂದು, ಬಂತು. ಎರಡು, ಬಂತು. ಮೂರು, ಸತ್ತಿತು. ನಾಲ್ಕು ಬಂತು. ಐದು ಸತ್ತಿತು. ಆರು ಬಂತು. ಆರರಲ್ಲಿ ನಾಲ್ಕು ಕೈಗೆ ಸಿಕ್ಕಿತಲ್ಲ ಅಂತ ಅವನ್ನು ಆಗಲೇ ಪ್ರೆಸ್ಸಿಗೆ ಕಳಿಸಿಬಿಟ್ಟೆ, ಎದೆ ಮೇಲಿನ ಕಲ್ಲು ಅರ್ಧ ಇಳಿಯಿತು.

ಅಷ್ಟರಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಮೆಸೇಜಿಗೆ ಉತ್ತರ ಕೊಟ್ಟ. "ಅತ್ತೆ, ಐಕಾನ್ ಒತ್ತಬೇಡ. ಟರ್ಮಿನಲ್ ತೆಗೆದು ಅಲ್ಲಿಂದ ಸ್ಕ್ರೈಬಸ್ ಶುರು ಮಾಡು. ಸಾಯುವಾಗ ಏನಾದರೂ ಹೇಳಿ ಸಾಯುತ್ತೆ." ಟರ್ಮಿನಲ್ ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ. ಹಾಗೇ ಮಾಡಿದೆ. ಮೂರನೇ ಫಾರಂ ಕೊಟ್ಟರೆ ಮತ್ತೆ ಅದೇ ಡಬ್ಬಿ, ಸಿಗ್ನಲ್ 11. ಐದನೇ ಫಾರಂ ಕೊಟ್ಟರೆ ಡಬ್ಬಿ ಗಿಬ್ಬಿ ಏನಿಲ್ಲ, ಲ್ಯಾಪ್‌ಟಾಪ್ ಒಂದೂವರೆ ನಿಮಿಷ ಮೌಸ್ ಕೂಡ ಅಲ್ಲಾಡದ ಹಾಗೆ ಕಲ್ಲಾಗಿ, ಆಮೇಲೆ ಕಿಟಕಿ ಪಟ್ಟಂತ ಮಾಯ. ಟರ್ಮಿನಲ್‌ನಲ್ಲಿ ಒಂದೇ ಪದ, "ಕಿಲ್ಡ್".

ಅಂದರೆ ಎರಡು ಸಾವೂ ಬೇರೆ ಬೇರೆ! ಇದನ್ನು ಮೊದಲೇ ಗಮನಿಸಬೇಕಿತ್ತು ನಾನು. 11ನೇ ಸಿಗ್ನಲ್ ಅಂದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಜಾಗಕ್ಕೆ ಕೈ ಹಾಕಿ ಸಿಕ್ಕಿಬಿದ್ದಿದೆ ಅಂತ. ಓದುತ್ತಿದ್ದ ಯಾವುದೋ ಫೈಲಿನಲ್ಲಿ ವಿಳಾಸ ತಪ್ಪಿರುತ್ತದೆ, ಅದನ್ನು ನಂಬಿ ಹೋಗಿ ಬೇರೆಯವರ ಮನೆ ಬಾಗಿಲು ತಟ್ಟಿರುತ್ತದೆ. "ಕಿಲ್ಡ್" ಅಂದರೆ 9ನೇ ಸಿಗ್ನಲ್. ಅದು ತಾನಾಗಿ ಸತ್ತದ್ದಲ್ಲ, ಹೊರಗಿನಿಂದ ಬಂದ ಕೊಲೆ. ರ್‍ಯಾಮ್ ಖಾಲಿಯಾದಾಗ ಲಿನಕ್ಸ್‌ನ ತಿರುಳಾದ ಕರ್ನಲ್ಲು ಯಾರು ಜಾಸ್ತಿ ತಿನ್ನುತ್ತಿದ್ದಾರೆ ನೋಡಿ ಅವರ ಕತ್ತು ಹಿಸುಕುತ್ತದೆ. ಕೊನೆ ಮಾತು ಹೇಳಲೂ ಬಿಡುವುದಿಲ್ಲ, ಅದಕ್ಕೇ ಡಬ್ಬಿ ಬರಲಿಲ್ಲ. ವಿಂಡೋಸ್ ಇರುವವರು ಈವೆಂಟ್ ವ್ಯೂವರ್ ತೆಗೆದು ಅಪ್ಲಿಕೇಶನ್ ಪಟ್ಟಿ ನೋಡಿದರೆ ಯಾವ ಮಾಡ್ಯೂಲಿನಲ್ಲಿ ಸತ್ತಿತು ಅಂತ ಹೆಸರು ಸಿಗುತ್ತದೆ. ಆ ಹೆಸರು ನಮಗೆ ಅರ್ಥವಾಗದಿದ್ದರೂ ಎರಡು ಕ್ರ್ಯಾಶು ಒಂದೇನಾ ಬೇರೆನಾ ಅನ್ನೋದಾದರೂ ತಿಳಿಯುತ್ತದೆ.

ಮೊದಲು ಮೂರನೇ ಫಾರಂ ಹಿಡಿದೆ. 33ರಿಂದ 40 ಸರಿ. 41ರಿಂದ 48 ಕ್ರ್ಯಾಶ್. 41ರಿಂದ 44 ಸರಿ. ಹೀಗೆ ಇಳಿದು ಇಳಿದು 46ನೇ ಪುಟಕ್ಕೆ ಬಂದೆ. ಒಂದು ಕವಿತೆ, ಒಂದು ಗೆರೆ ಚಿತ್ರ, ಅಷ್ಟೇ. ಚಿತ್ರ ತೆಗೆದೆ, ಸತ್ತಿತು. ಕವಿತೆ ತೆಗೆದೆ, ಆಗಲೂ ಸತ್ತಿತು. ಉಳಿದದ್ದು ತಲೆಬರಹ, "ಅಜ್ಞಾತ ಹಾದಿ". ಇದರ ಫಾಂಟ್ ಮಾತ್ರ ನನ್ನದಲ್ಲ. ಕವಿಗೆ ಅದೇ ಚೆಂದ ಕಂಡಿದೆ ಅಂತ ಯಾರೋ ಹುಡುಗನ ಕೈಯಲ್ಲಿ ಕಳಿಸಿದ್ದರು, ಎಲ್ಲಿಂದ ಇಳಿಸಿಕೊಂಡಿದ್ದನೋ ಏನೋ. ಕುತೂಹಲಕ್ಕೆ ಒಂದೊಂದೇ ಅಕ್ಷರ ಅಳಿಸಿ ಎಕ್ಸ್‌ಪೋರ್ಟ್ ಮಾಡುತ್ತಾ ಹೋದೆ. "ಹಾದಿ" ಅಳಿಸಿದೆ, ಸತ್ತಿತು. "ತ" ಅಳಿಸಿದೆ, ಸತ್ತಿತು. "ಜ್ಞಾ" ಅಳಿಸಿದೆ, ಪಿಡಿಎಫ್ ಬಂತು! ಬರೀ "ಅ" ಒಂದೇ ಇರುವ 46ನೇ ಪುಟ, ಖಾಲಿ ಹೊಲದಲ್ಲಿ ಬೆದರುಗೊಂಬೆ ನಿಂತ ಹಾಗೆ.

ಒಂದು ಜ್ಞಕ್ಕೆ ಇಡೀ ಪುಸ್ತಕ ನಿಂತಿತ್ತು ಅಂತ ನಗು ಬಂತು. ಪರದೆ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತಲ್ಲ ಅಂತ ನಿಮಗೂ ಅನ್ನಿಸಬಹುದು. ಪರದೆಗೆ ಬೇಕಿರುವುದು ಅಕ್ಷರದ ಆಕಾರ ಮಾತ್ರ. ಪಿಡಿಎಫ್ ಮಾಡುವಾಗ ಹಾಗಲ್ಲ, ನಾವು ಬಳಸಿದ ಅಕ್ಷರಗಳನ್ನಷ್ಟೇ ಫಾಂಟ್ ಫೈಲಿನ ಒಳಗಿಂದ ಕಿತ್ತು, ಹೊಸದೊಂದು ಪುಟ್ಟ ಫಾಂಟ್ ಕಟ್ಟಿ ಪಿಡಿಎಫ್‌ನೊಳಗೆ ಇಡಬೇಕು. ಆಗ ಯಾವ ಅಕ್ಷರ ಎಲ್ಲಿದೆ ಅನ್ನೋ ಒಳಗಿನ ಪಟ್ಟಿ ಓದಬೇಕಾಗುತ್ತದೆ. ಆ ಪಟ್ಟಿಯಲ್ಲಿ ಜ್ಞದ ವಿಳಾಸ ತಪ್ಪಾಗಿದ್ದಿರಬೇಕು, ಅದಕ್ಕೇ 11. ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಸ್ವಂತ ನಂಬರ್ ಇರುವುದಿಲ್ಲ, ಫಾಂಟ್ ಮಾಡಿದವರು ಒಂದೊಂದಕ್ಕೂ ಬೇರೆ ಚಿತ್ರ ಕೂರಿಸಿರುತ್ತಾರೆ, ನಮ್ಮ ಭಾಷೆಗೆ ಅಂಥವು ನೂರಾರು. ಯಾವುದೋ ಮೂಲೆಯ ಒಂದು ಒತ್ತು ಕೆಟ್ಟಿದ್ದರೆ ಅದನ್ನು ಬಳಸುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ನಾನಂತೂ ಈಗ ಹೊಸ ಫಾಂಟ್ ಬಂದ ಕೂಡಲೇ ಕ್ಷ, ಜ್ಞ, ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಅರ್ಥ ಇಷ್ಟನ್ನೂ ಒಂದು ಪುಟದಲ್ಲಿ ಟೈಪ್ ಮಾಡಿ ಮೊದಲು ಪಿಡಿಎಫ್ ಮಾಡಿ ನೋಡುತ್ತೇನೆ.

ನನ್ನ ಇಷ್ಟಕ್ಕೆ ಬಿಟ್ಟಿದ್ದರೆ ಬಾಲೂ ತಮ್ಮ ಅನ್ನೋ ಫಾಂಟ್ ಹಾಕಿ ಮುಗಿಸುತ್ತಿದ್ದೆ. ಆದರೆ ಕವಿಗಳ ಜೊತೆ ಫಾಂಟಿನ ಬಗ್ಗೆ ಬೆಳಗಿನ ಜಾವ ಜಗಳ ಆಡುವ ಶಕ್ತಿ ಇರಲಿಲ್ಲ. ತಲೆಬರಹವನ್ನು ಮಾತ್ರ ಆಯ್ದು ಔಟ್‌ಲೈನಿಗೆ ತಿರುಗಿಸಿದೆ. ಐಟಂ ಮೆನುವಿನಲ್ಲಿ ಕನ್ವರ್ಟ್ ಅಂತ ಇದೆ ನೋಡಿ, ಅಲ್ಲಿ. ಹಾಗೆ ಮಾಡಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರದ ಗೆರೆಯಾಗುತ್ತದೆ, ಫಾಂಟಿನ ಹಂಗೇ ಇರುವುದಿಲ್ಲ. ತಿದ್ದಲಿಕ್ಕೂ ಆಗುವುದಿಲ್ಲ, ಅದು ಗೊತ್ತಿದ್ದೇ ಮಾಡಿದೆ. ಮೂರನೇ ಫಾರಂ ಬಂತು. ಆಗ ಒಂದೂಕಾಲು.

ಐದನೇ ಫಾರಂನಲ್ಲಿ ಹುಡುಕುವುದಕ್ಕೆ ಅಷ್ಟು ಕಷ್ಟ ಆಗಲಿಲ್ಲ. ಮೆಮೊರಿ ತಿನ್ನುವುದು ಅಂದರೆ ಸಾಮಾನ್ಯವಾಗಿ ಫೋಟೋ. ಎಕ್ಸ್‌ಟ್ರಾಸ್ ಮೆನುವಿನ ಮ್ಯಾನೇಜ್ ಇಮೇಜಸ್ ತೆಗೆದರೆ ಪುಟದಲ್ಲಿ ಕೂತ ಸೈಜಿಗೆ ಒಂದೊಂದು ಫೋಟೋ ಎಷ್ಟು ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೋ ಲೆಕ್ಕ) ಬೀಳುತ್ತದೆ ಅಂತ ತೋರಿಸುತ್ತದೆ. 290, 310, 240, 300... ಆಮೇಲೆ 71ನೇ ಪುಟದ ಗ್ರೂಪ್ ಫೋಟೋ ಎದುರು 4960.

ನಾಲ್ಕು ಸಾವಿರದ ಒಂಬೈನೂರ ಅರವತ್ತು!

ಶಾಲೆಯ ಮೊದಮೊದಲ ಬ್ಯಾಚಿನ ಫೋಟೋ ಅದು, ಹೆಡ್ಮೇಷ್ಟ್ರ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದು. ಸ್ಟುಡಿಯೋದವರಿಗೆ "ಕ್ವಾಲಿಟಿ ಚೆನ್ನಾಗಿರಲಿ" ಅಂತ ಹೇಳಿ ಕೊಟ್ಟಿದ್ದಾರೆ. ಅವರು ಪಾಪ, ಎ3 ಸ್ಕ್ಯಾನರಿನಲ್ಲಿಟ್ಟು 1200 ಡಿಪಿಐಗೆ ತೆಗೆದಿದ್ದಾರೆ. ಅಗಲ 19843 ಚುಕ್ಕಿ, ಎತ್ತರ 14031 ಚುಕ್ಕಿ. ಒಟ್ಟು 27 ಕೋಟಿ 84 ಲಕ್ಷ ಚುಕ್ಕಿ. ಜೆಪೆಗ್ ಆಗಿ ಡಿಸ್ಕಿನಲ್ಲಿ 60 ಎಂಬಿ ಇತ್ತು, ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಜೆಪೆಗ್ ಅಂದರೆ ಒತ್ತಿ ಮಡಿಸಿಟ್ಟ ಹಾಸಿಗೆ. ಬಳಸುವಾಗ ಬಿಡಿಸಲೇಬೇಕು, ಬಿಡಿಸಿದರೆ ಚುಕ್ಕಿಗೆ 4 ಬೈಟಿನ ಲೆಕ್ಕದಲ್ಲಿ 1.1 ಜಿಬಿ. ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಬಣ್ಣಕ್ಕೆ, ತಿರುಗಿಸುವಾಗ ಇನ್ನೊಂದು ಪ್ರತಿ, ಮತ್ತೆ ಮಡಿಸುವಾಗ ಇನ್ನೊಂದು. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೇ 4 ಜಿಬಿ ರ್‍ಯಾಮ್, ಅದರಲ್ಲಿ ಬ್ರೌಸರು ಬೇರೆ ತೆಗೆದಿಟ್ಟಿದ್ದೆ.

ಇಷ್ಟೆಲ್ಲ ಯಾವುದಕ್ಕೆ? ಪುಟದಲ್ಲಿ ನಾಲ್ಕು ಇಂಚು ಅಗಲ ಕೂರುವ ಫೋಟೋಗೆ. ಆಫ್‌ಸೆಟ್‌ಗೆ 300 ಡಿಪಿಐ ಧಾರಾಳ ಸಾಕು, ಅಂದರೆ ಅಗಲಕ್ಕೆ 1200 ಚುಕ್ಕಿ. ಒಟ್ಟು ಹತ್ತು ಲಕ್ಷದ ಆಸುಪಾಸು. ಎಕ್ಸ್‌ಪೋರ್ಟ್ ಡಬ್ಬಿಯಲ್ಲಿ "ಇಷ್ಟಕ್ಕಿಂತ ಜಾಸ್ತಿ ಡಿಪಿಐ ಬೇಡ" ಅನ್ನೋ ಆಯ್ಕೆ ಇದೆಯಲ್ಲ ಅಂತ ಅದನ್ನೂ 300ಕ್ಕೆ ಇಟ್ಟು ನೋಡಿದೆ. ಕೊಂದೇ ಹಾಕಿತು. ಸಹಜ, ಕಿರಿದು ಮಾಡಬೇಕಾದರೂ ಮೊದಲು ಹಾಸಿಗೆ ಬಿಡಿಸಲೇಬೇಕಲ್ಲ. ಹೊರಗೇ ಚಿಕ್ಕದು ಮಾಡಬೇಕು. ಫೋಟೋ ತಿದ್ದುವ ಗಿಂಪ್‌ನಲ್ಲಿ ತೆರೆಯಲು ಕೊಟ್ಟೆ. ಅದು ರ್‍ಯಾಮ್ ಸಾಲದಿದ್ದರೆ ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳುತ್ತದೆ, ಸಾಯುವುದಿಲ್ಲ, ಆದರೆ ಎತ್ತಿನಗಾಡಿ. ಕಷಾಯ ಮಾಡಿ ಕುಡಿದು ಲೋಟ ತೊಳೆದಿಟ್ಟು ಬಂದೆ, ಆಗ ತೆರೆದಿತ್ತು. ತೆರೆದ ಮೇಲೆ ಪೂರ್ತಿ ಸೈಜಿಗೆ ಹಿಗ್ಗಿಸಿ ನೋಡಿದೆ. ಸ್ಟುಡಿಯೋದವರನ್ನು ಬೈಯುವ ಮನಸ್ಸೇ ಹೋಯಿತು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ಹುಡುಗನ ಅಂಗಿಗೆ ಮೂರನೇ ಗುಂಡಿ ಇಲ್ಲ, ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದಾನೆ, ಆ ಪಿನ್ನು ಕಾಣುತ್ತದೆ. ದೊಡ್ಡ ಫೈಲನ್ನು ಬೇರೆ ಫೋಲ್ಡರಿನಲ್ಲಿ ಜೋಪಾನವಾಗಿಟ್ಟೆ, 1200 ಚುಕ್ಕಿಯ ಮರಿಯನ್ನು ಪುಟಕ್ಕೆ ಹಾಕಿದೆ. ಪಿನ್ನು ಹೋಯಿತು, ಫಾರಂ ಬಂತು.

ಎರಡೂ ಸರಿಯಾದ ಮೇಲೆ ಹಟಕ್ಕೆ 1ರಿಂದ 96ರ ತನಕ ಒಟ್ಟಿಗೆ ಕೊಟ್ಟೆ. ನಲವತ್ತು ಸೆಕೆಂಡು. ಬಂತು. ಪ್ರೆಸ್ಸಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಒತ್ತಕ್ಷರ ಎಲ್ಲ ನೆಟ್ಟಗಿದೆಯಾ ಅಂತ ಕಣ್ಣಾಡಿಸಿ, ಉಳಿದ ಎರಡು ಫಾರಂ ಕಳಿಸಿ ಮಲಗಿದಾಗ ಎರಡೂಮುಕ್ಕಾಲು.

ಬೆಳಿಗ್ಗೆ ಏಳಕ್ಕೆ ಕವಿಗಳ ಫೋನು. ಪ್ರೆಸ್ಸಿನವನು ಅವರಿಗೆ ಅವರ ಪುಟ ವಾಟ್ಸ್ಯಾಪ್ ಮಾಡಿದ್ದನಂತೆ. ತುಂಬ ಚೆನ್ನಾಗಿ ಬಂದಿದೆ, ಫಾಂಟ್ ಅಂತೂ ನಾನು ಅಂದುಕೊಂಡ ಹಾಗೇ ಇದೆ ಅಂತ ಹೊಗಳಿದರು. ಆಮೇಲೆ ಸ್ವಲ್ಪ ತಡೆದು, "ಒಂದೇ ಒಂದು ಸಣ್ಣ ತಿದ್ದುಪಡಿ ಇತ್ತಮ್ಮ. ಅದು ಅಜ್ಞಾತ ಹಾದಿ ಅಲ್ಲ, ಅಜ್ಞಾತದ ಹಾದಿ" ಅಂದರು.

ಗೆರೆಯಾಗಿಹೋದ ತಲೆಬರಹದಲ್ಲಿ "ದ" ಎಲ್ಲಿ ತುರುಕುವುದು? ಕಾಪಿ ಮಾಡಿಟ್ಟ ಹಳೇ ಫೈಲ್ ತೆಗೆದೆ, ಅಲ್ಲಿಂದ ತಲೆಬರಹ ಎತ್ತಿ ತಂದು, "ದ" ಸೇರಿಸಿ, ಮತ್ತೆ ಔಟ್‌ಲೈನ್ ಮಾಡಿ, ಮೂರನೇ ಫಾರಂ ಒಂದನ್ನೇ ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆ. ಹಳೇ ಮೂರನೇ ಫಾರಂ ಡಿಲೀಟ್ ಮಾಡು, ಇಲ್ಲದಿದ್ದರೆ ಅದನ್ನೇ ಪ್ಲೇಟ್‌ಗೆ ಹಾಕ್ತೀಯ ಅಂತ ಪ್ರೆಸ್ಸಿನವನಿಗೆ ಎರಡು ಸಲ ಹೇಳಿದೆ.

"ಆಯ್ತಕ್ಕಾ," ಅಂದ, "ನೀವು ಸ್ವಲ್ಪ ಮಲಗಿ."

ಹೆಪ್ಪು ಹಾಕಿದ್ದೆನೋ ಇಲ್ಲವೋ ಅಂತ ಆಗ ನೆನಪಾಯಿತು. ಹೋಗಿ ನೋಡಿದೆ. ಹಾಕಿರಲಿಲ್ಲ.